ಓಬಳಪ್ಪನವರ ಮಾನಿಟರ್

೨೦೦೧ರಲ್ಲಿ ನಾನು ಚಳ್ಳಕೆರೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಸೀನಿಯರ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್ ಒಂದೇ ನನ್ನ ಬಂಡವಾಳ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶವನ್ನು ಮ್ಯಾನ್ಯುಯಲ್ ಓದಿ ಓದಿಯೇ ಕಲಿತವಳು.

ಆ ಬೇಸಿಗೆಯಲ್ಲಿ ಮೊಳಕಾಲ್ಮೂರಿನಿಂದ ಓಬಳಪ್ಪನವರು ಮಗಳು ಸರೋಜಳ ಕೈ ಹಿಡಿದುಕೊಂಡು ಬಂದರು. ರೇಷ್ಮೆ ಸೀರೆಯ ಅಂಚಿಗೆ ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಡಿಸೈನ್ ಬಿಡಿಸುವುದು ಅವರ ಕಸುಬು. ಕಣ್ಣಿನ ನರ ಸೋಲುತ್ತಿತ್ತು. ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವರ ತಂದೆ ನೇಯುತ್ತಿದ್ದ ಒಂದು ಅಂಚು ಯಾವ ಕಾಗದದ ಮೇಲೂ ಇರಲಿಲ್ಲ, ಆ ಅಂಚಿನ ಒಂದು ಸೀರೆಯೂ ಉಳಿದಿರಲಿಲ್ಲ, ಇವರ ತಲೆಯಲ್ಲಷ್ಟೇ ಇತ್ತು. ದೃಷ್ಟಿ ಪೂರ್ತಿ ಹೋಗುವುದರೊಳಗೆ ಅದನ್ನು ಚೌಕಗಳಿಗೆ ಇಳಿಸಬೇಕಿತ್ತು; ಗ್ರಾಫ್ ಹಾಳೆಯ ಸಣ್ಣ ಚೌಕ ಅವರಿಗೆ ಆಗಲೇ ಕಾಣುತ್ತಿರಲಿಲ್ಲ.

ನಮ್ಮ ಸ್ಕ್ರೀನಿನಲ್ಲಿ ಒಂದೊಂದು ಚೌಕವನ್ನೂ ಕಡಲೆಕಾಳಿನಷ್ಟು ದೊಡ್ಡದು ಮಾಡಿ ತೋರಿಸಿದೆ. ಅವರು ಮೌಸ್ ಹಿಡಿದು ಗಿಣಿಯೊಂದನ್ನು ಬಿಡಿಸಿ, ಮಗುವಿನ ಹಾಗೆ ನಕ್ಕರು.

"ಅಂಚನ್ನೂ ಇಲ್ಲೇ ಬಿಡಿಸಿಬಿಡಿ," ಎಂದೆ.

"ಆಗಲ್ಲ ಮೇಡಂ. ಮನೆ ಅಂಚು ಬ್ಯಾರೆ ಸೂರಿನ ಕೆಳಗೆ ಬಿಡಿಸಬಾರದು ಅಂತ ನಮ್ಮಪ್ಪ ಆಣೆ ಹಾಕ್ಸವ್ನೆ."

"ಕಣ್ಣು ಹೋದ್ರೂ ಹಠ ಹೋಗಲ್ಲ ನೋಡ್ರಿ ಇವ್ರದು," ಎಂದಳು ಸರೋಜ.

ಅವರ ಮನೆಯಲ್ಲಿ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರೊಂದಿತ್ತು. ಲಿನಕ್ಸ್ ಅದರಲ್ಲಿ ಓಡುತ್ತಿತ್ತು, ಆದರೆ ಬರೀ ಅಕ್ಷರ. ಚಿತ್ರ ಬರಬೇಕಾದರೆ ಗ್ರಾಫಿಕಲ್ ಸಿಸ್ಟಂ ಪ್ರತ್ಯೇಕವಾಗಿ ಬೇಕು. ಅದನ್ನು ಇನ್‌ಸ್ಟಾಲರ್ ಸಿ.ಡಿ.ಗೆ ಪ್ಯಾಕೇಜ್ ಮಾಡಲು ಕೂತೆ. ಪ್ಯಾಕೇಜ್ ಅಂದರೆ ಅಂಗಡಿಯ ಪೊಟ್ಟಣದ ಹಾಗೇ: ಒಳಗೆ ಸಾಮಾನು, ಜೊತೆಗೆ ಏನೇನು ಬೇಕೆಂಬ ಚೀಟಿ, ಬಿಚ್ಚಿದ ಮೇಲೆ ತಾನಾಗಿ ಓಡುವ ಸ್ಕ್ರಿಪ್ಟ್. ಮಾನಿಟರಿನ ಫ್ರೀಕ್ವೆನ್ಸಿ, ಅಂದರೆ ಅದು ತೆರೆಯ ಮೇಲೆ ಗೆರೆ ಎಳೆಯುವ ವೇಗ, ಎಷ್ಟು ಎಂದು ಇನ್‌ಸ್ಟಾಲರ್ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಮುಂದೆ ನೆರೆಯ ನೇಕಾರರ ಮನೆಗಳಲ್ಲೂ ಸರೋಜಳೇ ಈ ಸಿ.ಡಿ. ಹಾಕಬೇಕಾದವಳು; ಪಾಪ, ಅವಳಿಗೇಕೆ ಈ ಗೊಡವೆ ಎಂದು ಆ ಪ್ರಶ್ನೆಯನ್ನೇ ತೆಗೆದೆ. ನಮ್ಮ ಲ್ಯಾಬಿನ ಹೊಸ ಮಾನಿಟರಿನ ೪೮ ಕಿಲೋಹರ್ಟ್ಸನ್ನು ಉತ್ತರವಾಗಿ ಒಳಗೇ ಬರೆದಿಟ್ಟೆ. ಮೂರು ವಾರದ ಕೆಲಸ. ಲ್ಯಾಬಿನ ಎಂಟೂ ಮಷೀನಿನಲ್ಲಿ ಪರ್ಫೆಕ್ಟ್!

ಮೊಳಕಾಲ್ಮೂರಿನ ಬಸ್ಸು ಹಿಡಿದು ನಾನೇ ಹೋದೆ. ಮಗ್ಗದ ಪಕ್ಕದ ಮೇಜಿನ ಮೇಲೆ ಕಂಪ್ಯೂಟರಿಗೆ ಕುಂಕುಮ ಹಚ್ಚಿಟ್ಟಿದ್ದರು. ಸಿ.ಡಿ. ಹಾಕಿದೆ. ಮಾನಿಟರಿನ ಬೆನ್ನಿನ ಧೂಳು ಒರೆಸುತ್ತಿದ್ದ ಸರೋಜ ಕೇಳಿದಳು:

"ಮೇಡಂ, ಇಲ್ಲೇನೋ ನಂಬರ್ ಬರ್ದೈತೆ. ಬೇಕಾ?"

"ನಾಟ್ ನೆಸಸರಿ, ಡಿಯರ್. ನಮ್ಮ ಸಿ.ಡಿ. ಏನೂ ಕೇಳೋದೇ ಇಲ್ಲ," ಎಂದೆ. ಎಷ್ಟು ಹೆಮ್ಮೆಯಿಂದ ಎಂದೆ!

ಸ್ಕ್ರೀನು ಒಮ್ಮೆ ಬೆಳಗಿತು. ಆಮೇಲೆ ಸೊಳ್ಳೆಯಂಥ ಸಣ್ಣ ಕೂಗು, ಸುಟ್ಟ ವಾಸನೆ, ಕತ್ತಲು. ಓಡಿಹೋಗಿ ಪ್ಲಗ್ ಕಿತ್ತೆ. ಮಾನಿಟರಿನ ಬೆನ್ನಿನ ಮೇಲೆ ಬರೆದಿದ್ದುದು ೩೧.೫ ಕಿಲೋಹರ್ಟ್ಸ್. ಅಂಥ ಹಳೆಯ ಮಾನಿಟರುಗಳಿಗೆ ಒಂದೇ ಓಟ. ಅದಕ್ಕಿಂತ ಜೋರಾಗಿ ಓಡಿಸಿದರೆ ಒಳಗೇ ಬೆಂದುಹೋಗುತ್ತವೆ.

"ಏನಾಯ್ತು ಮೇಡಂ, ಕರೆಂಟ್ ಹೋಯ್ತಾ?" ಎಂದರು ಓಬಳಪ್ಪ.

ಸರೋಜ ಹೇಳಿದಳು: "ಇಲ್ಲಪ್ಪ. ಮಾನಿಟರ್ ಸುಟ್ಟೋಯ್ತು."

ಲ್ಯಾಬಿನದನ್ನು ಹೊರಗೆ ಕೊಡಲು ಕೇಂದ್ರದವರು ಒಪ್ಪಲಿಲ್ಲ; ಇನ್ನೊಂದು ಮಾನಿಟರ್ ಹೊಂದಿಸಲು ಹತ್ತು ವಾರ ಹಿಡಿಯಿತು. ಅಷ್ಟರಲ್ಲಿ ಅವರು ಅಂಚನ್ನು ಬಾಯಲ್ಲಿ ಹೇಳಿ ಮಗಳ ಕೈಯಲ್ಲಿ ಬರೆಸಲು ನೋಡಿದ್ದರಂತೆ. ಒಂಬತ್ತನೇ ಸಾಲಿಗೆ ಲೆಕ್ಕ ತಪ್ಪಿತಂತೆ. "ಬೆರಳಿಗೆ ಗೊತ್ತೈತೆ, ಬಾಯಿಗೆ ಗೊತ್ತಿಲ್ಲ," ಎಂದು ಬಿಟ್ಟುಬಿಟ್ಟರಂತೆ.

ಸರಿಯಾದ ನಂಬರು ಹಾಕಿ ಹೊಸ ಮಾನಿಟರಿನಲ್ಲಿ ಚೌಕಗಳನ್ನು ತಂದೆ. ಅವರು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದರು.

"ಬೆಳಕು ಐತೆ ಮೇಡಂ," ಎಂದರು. "ಗೆರೆ ಇಲ್ಲ."

ಸರೋಜ ಕಾಫಿ ತಂದಳು, ಕುಡಿದೆ. ಆ ಅಂಚು ಹೇಗಿತ್ತೆಂದು ಇವತ್ತು ಯಾರಿಗೂ ಗೊತ್ತಿಲ್ಲ.

ಆಮೇಲೆ ನಾನು ಮಾಡಿದ ಪ್ರತಿ ಪ್ಯಾಕೇಜೂ ಆ ಪ್ರಶ್ನೆಯನ್ನು ಕೇಳಿಯೇ ಮುಂದೆ ಹೋಗುತ್ತಿತ್ತು, ಕನ್ನಡದಲ್ಲಿ, ನಂಬರು ಎಲ್ಲಿ ಬರೆದಿರುತ್ತದೆ ಎಂಬುದನ್ನೂ ಹೇಳಿ. ಮನೆಯವರಿಗೆ ಗೊತ್ತಿರುವುದನ್ನು ಮನೆಯವರನ್ನೇ ಕೇಳಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಓಬಳಪ್ಪನವರಿಗೆ ಅದರಿಂದ ಏನೂ ಆಗಲಿಲ್ಲ.