ಅಚ್ಚಿಗೆ ಇಟ್ಟ ಕುಂಕುಮ

ಕೊಳ್ಳೇಗಾಲದ ನಮ್ಮ ಹಿತ್ತಲಲ್ಲಿ ಸೀಸ ಕರಗಿಸಿ, ಗಾಳಕ್ಕೂ ಬಲೆಗೂ ಕಟ್ಟುವ ಗುಂಡುಗಳನ್ನು ಎರಕ ಹೊಯ್ಯುವುದು ನನ್ನ ಕಸುಬು. ಯಾರೂ ಹೇಳಿಕೊಟ್ಟಿದ್ದಲ್ಲ, ಓದಿಕೊಂಡು ಕಲಿತದ್ದು. ಆದರೂ ದಿನದ ಮೊದಲ ಎರಕ ಮಾತ್ರ ಸಿಡಿಯುತ್ತಿತ್ತು, ಗುಂಡಿನ ಮೈಯೆಲ್ಲ ತೂತು. ಸೀಸವೇ ಕಲಬೆರಕೆ ಎಂದು ಗುಜರಿಯವನನ್ನು ಎರಡು ಸಲ ಬೈದು ಬಂದಿದ್ದೆ.

ಒಂದು ಬೆಳಿಗ್ಗೆ ಯಳಂದೂರಿನಿಂದ ಮೀನು ಹಿಡಿಯುವ ಮುದುಕರೊಬ್ಬರು ಗುಂಡು ಕೊಳ್ಳಲು ಬಂದರು. ಒಂದು ಕಣ್ಣು ಮುಚ್ಚಿಕೊಂಡು ನನ್ನ ಕೆಲಸವನ್ನೇ ನೋಡುತ್ತ ಕೂತರು. ಹೆಂಗಸಿನ ಕೆಲಸವೆಂದು ಅನುಮಾನವೇನೋ ಅನ್ನಿಸಿ ನನಗೆ ಸಿಟ್ಟು ಬಂತು. ಎಂದಿನಂತೆ ಅಚ್ಚಿಗೆ ನೀರು ಚಿಮುಕಿಸಿ, ಕುಂಕುಮ ಇಟ್ಟು, ಕೈಮುಗಿದು ಸೌಟು ಎತ್ತಿದೆ.

"ತಡೀರವ್ವ. ಒದ್ದೆ ಅಚ್ಚಿಗೆ ಉಯ್ಬೇಡಿ. ಒಲೆ ಪಕ್ಕ ಇಟ್ಟು ಒಣಗ್ಸಿ."

"ಪೂಜೆ ಮಾಡ್ದೆ ನಾನು ಕೆಲ್ಸ ಮುಟ್ಟದಿಲ್ಲ ತಾತ."

"ನಮ್ಮಪ್ಪನೂ ಇಂಗೇ ಅಂತಿದ್ದ," ಎಂದು ಅವರು ಮುಚ್ಚಿದ್ದ ರೆಪ್ಪೆಯನ್ನು ಬೆರಳಲ್ಲಿ ಎತ್ತಿ ತೋರಿಸಿದರು. ಒಳಗೆ ಗುಡ್ಡೆಯೇ ಇರಲಿಲ್ಲ. "ಒಂದನಿ ನೀರು ಸಾಕು ಕಣವ್ವ, ಸೀಸ ಎಗರಾಕೆ."

ನಾನು ಸೌಟು ಇಳಿಸಿ, ಅಚ್ಚನ್ನು ಒಲೆಯ ಪಕ್ಕ ಇಟ್ಟೆ. ಅದು ಒಣಗಿ ಬಿಸಿಯಾದ ಮೇಲೆ ಹೊಯ್ದ ಗುಂಡು ನುಣ್ಣಗೆ ಬಂತು. ಅದು ಆರುವವರೆಗೂ ಕಾದು, ಅವರು ಅದನ್ನೇ ಮೊದಲು ಚೀಲಕ್ಕೆ ಹಾಕಿಕೊಂಡರು.

ಈಗ ಅಚ್ಚಿಗೆ ಪೂಜೆ ಕೆಲಸ ಮುಗಿದ ಮೇಲೆಯೇ. ಯಾಕೆಂದು ಕೇಳಿದವರಿಗೆ, ಬೆಳಿಗ್ಗೆ ಹೊತ್ತು ದೇವರಿಗೆ ಗಿರಾಕಿ ಜಾಸ್ತಿ ಎನ್ನುತ್ತೇನೆ. ಸುಮ್ಮಸುಮ್ಮನೆ ಬೈದೆನೆಂದು ಗುಜರಿಯವನಿಗೆ ಮಾತ್ರ ಇನ್ನೂ ಹೇಳಿಲ್ಲ.