ಕತ್ತರಿ ಮಾಮ ಹೊಲಿದ ಕೂಸು

ಹರಿದ ಪರದೆ, ಹೊದಿಕೆ, ದಿಂಬಿನ ಚೀಲಗಳ ನಡುವೆ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲೇ ತಲೆ ನರೆಸಿಕೊಂಡ ದರ್ಜಿಯನ್ನು ಎಲ್ಲರೂ ಕತ್ತರಿ ಮಾಮ ಎನ್ನುತ್ತಿದ್ದರು. ಕತ್ತರಿಗಿಂತ ನಾಲಿಗೆಯೇ ಹರಿತ ಎಂಬುದು ಹೆಂಡತಿಯ ದೂರು. ಮನಸ್ಸು ಮಾತ್ರ ಬೆಣ್ಣೆ.

ಒಂದು ದಿನ ಸುಟ್ಟಗಾಯದ ವಾರ್ಡಿನ ಹಿರಿಯ ನರ್ಸಮ್ಮ ಬಂದು ಎರಡು ಬಟ್ಟೆಗೊಂಬೆ ಕೇಳಿದಳು. ಒಂದು ದೊಡ್ಡವರದು, ಒಂದು ಕೂಸಿನದು. ಮೈಯಲ್ಲಿ ಎಷ್ಟು ಭಾಗ ಸುಟ್ಟಿದೆ ಎಂದು ಅಂದಾಜು ಮಾಡುವುದನ್ನು ಹೊಸ ನರ್ಸುಗಳಿಗೆ ಕಲಿಸಬೇಕಿತ್ತು. ಎಷ್ಟು ಡ್ರಿಪ್ ಕೊಡಬೇಕೆನ್ನುವುದು ಆ ಅಂದಾಜಿನ ಮೇಲೇ ನಿಂತಿರುತ್ತದೆ.

"ಮೈಯೆಲ್ಲ ಸೇರಿ ನೂರು ಅಂತ ಇಟ್ಕೋ ಮಾಮ. ತಲೆ ಒಂಬತ್ತು, ಒಂದೊಂದು ಕೈ ಒಂಬತ್ತು, ಒಂದೊಂದು ಕಾಲು ಹದಿನೆಂಟು. ಮುಂಡದ ಮುಂದೆ ಹದಿನೆಂಟು, ಹಿಂದೆ ಹದಿನೆಂಟು. ಒಂದೊಂದಕ್ಕೂ ಬೇರೆ ಬಣ್ಣ ಹಾಕು."

ಮಾಮ ಬೆರಳು ಮಡಚಿದ. "ಒಂದು ಉಳೀತಲ್ಲ?"

"ಅದು ಚಡ್ಡಿ ಮುಚ್ಚೋ ಜಾಗ!"

ದೊಡ್ಡ ಗೊಂಬೆ ಸೊಗಸಾಗಿ ಬಂತು. ಅದೇ ಅಳತೆ ಕುಗ್ಗಿಸಿ ಕೂಸನ್ನೂ ಹೊಲಿದ. ನರ್ಸಮ್ಮ ನೋಡಿ ಹೊಟ್ಟೆ ಹಿಡಿದು ನಕ್ಕಳು.

"ಇದು ಕೂಸಲ್ಲ ಮಾಮ, ಕುಳ್ಳ ಗಂಡಸು! ಎಳೇ ಮಕ್ಕಳಿಗೆ ತಲೆನೇ ಹದಿನೆಂಟು. ಕಾಲು ಒಂದೊಂದೂ ಹದಿನಾಲ್ಕರ ಹತ್ತಿರ."

ಮಾಮನಿಗೆ ನಂಬಿಕೆ ಬರಲಿಲ್ಲ. ಮನೆಗೆ ಹೋದವನೇ ಟೇಪು ಹಿಡಿದು ಮೊಮ್ಮಗಳ ಬೆನ್ನು ಬಿದ್ದ. ಇನ್ನೂ ಅಂಬೆಗಾಲಿಡುತ್ತಿದ್ದ ಅವಳು ಟೇಪನ್ನೇ ಚೀಪತೊಡಗಿದಳು.

"ಈಗಲೇ ಮದುವೆ ರವಿಕೆಗೆ ಅಳತೆನಾ?" ಎಂದಳು ಹೆಂಡತಿ.

ತಲೆಯ ಸುತ್ತಳತೆ ಎದೆಯ ಸುತ್ತಳತೆಗೆ ಹೆಚ್ಚುಕಡಿಮೆ ಸಮವಿತ್ತು! "ದಿನಾ ಎತ್ತಿ ಆಡಿಸ್ತೀನಿ, ಕಣ್ಣಿಗೇ ಬೀಳಲಿಲ್ಲವಲ್ಲೇ," ಎಂದು ಮಾಮ ಆ ಬುರುಡೆಗೆ ಮುತ್ತಿಟ್ಟು, ಮರುದಿನ ಹೊಸದಾಗಿ ಬಟ್ಟೆ ಕತ್ತರಿಸಿದ.

ಕೆಲವು ವಾರಗಳ ಮೇಲೆ ಬಿಸಿನೀರು ಬಿದ್ದು ಅರ್ಧ ತಲೆ, ಎದೆ ಬೆಂದ ಕೂಸೊಂದು ಬಂತು. ಹೊಸ ನರ್ಸು ಗಡಿಬಿಡಿಯಲ್ಲಿ ತಲೆಗೆ ನಾಲ್ಕೂವರೆ ಎಂದು ಬರೆದಳು. ಅಷ್ಟರಲ್ಲಿ ಕಪಾಟಿನ ಮೇಲಿನ ದಪ್ಪತಲೆಯ ಗೊಂಬೆ ಕಣ್ಣಿಗೆ ಬಿತ್ತು. "ಅಯ್ಯೋ, ಒಂಬತ್ತು!" ಎಂದು ತಿದ್ದಿದಳು. ಬೆರಳು ಸೇರಿ ಆ ಕೂಸಿನದೇ ಅಂಗೈ ಅಂದರೆ ನೂರರಲ್ಲಿ ಒಂದು ಪಾಲು ಎಂದು ಅಳೆದೂ ನೋಡಿದಳು, ಲೆಕ್ಕ ತಾಳೆಯಾಯಿತು. ಡ್ರಿಪ್ ಸರಿಯಾಗಿ ಹೋಯಿತು. ಕೂಸು ಚೇತರಿಸಿಕೊಂಡು ಅಮ್ಮನ ಸೊಂಟವೇರಿ ಮನೆಗೆ ಹೊರಟಿತು.

ಸುದ್ದಿ ಹೇಳಲು ನರ್ಸಮ್ಮ ಬಂದಾಗ ಮಾಮ ಇನ್ನೊಂದು ಗೊಂಬೆಗೆ ಕಣ್ಣು, ಮೂಗು, ನಗುವ ಬಾಯಿ ಹೊಲಿಯುತ್ತಿದ್ದ.

"ಪಾಠದ ಗೊಂಬೆಗೆ ಮುಖ ಯಾಕೆ ಮಾಮ?"

"ನಿನ್ನ ನರ್ಸು ಹುಡುಗೀರು ಮೆತ್ತಗೆ ಮುಟ್ಟೋದನ್ನೂ ಕಲೀಲಿ ಅಂತ," ಎಂದು ಮಾಮ ಹಲ್ಲಿನಿಂದ ದಾರ ಕಡಿದ.