ಆರರಲ್ಲೊಂದು ಪಾಲು ಗೋಡೆಗೆ

ಟೊಕ್, ಟೊಕ್, ಟೊಕ್. ಅದು ಬಾಗಿಲು ಬಡಿದ ಸದ್ದಲ್ಲ, ಗೋಡೆ ಬಡಿದದ್ದು. ಬಂಗಾರಪೇಟೆಯ ನಮ್ಮ ಬಾಡಿಗೆ ಮನೆಗೆ ಏಜೆಂಟ್ ತಾತ ತಿಂಗಳ ಮೊದಲ ಭಾನುವಾರ ಬರುತ್ತಿದ್ದದ್ದು ಹೀಗೆ. ಹೊರಗೋಡೆಯ ಉದ್ದಕ್ಕೂ ಬೆರಳಿನ ಗೆಣ್ಣಿನಿಂದ ತಟ್ಟುತ್ತಾ, ತಲೆ ಓರೆ ಮಾಡಿ ಕೇಳುತ್ತಾ ನಡೆದು, ಆಮೇಲೆ ಬಾಗಿಲಿಗೆ ಬರುತ್ತಿದ್ದರು. ಆ ಗೆಣ್ಣುಗಳ ಮೇಲೆ ನೀಲಿ ಮಚ್ಚೆಗಳಿದ್ದವು. ಗಣಿಯಲ್ಲಿ ಗಾಯವಾದಾಗ ಕಲ್ಲಿನ ಪುಡಿ ಒಳಗೇ ಉಳಿದು ಚರ್ಮ ಮುಚ್ಚಿಕೊಂಡಿತ್ತು. ತೀರಾ ಚಿಕ್ಕವಳಿದ್ದಾಗ ನಾನು ಅದನ್ನು ಇಂಕಿನ ಕಲೆ ಎಂದುಕೊಂಡು ಉಜ್ಜಲು ರಬ್ಬರ್ ತಂದುಕೊಟ್ಟಿದ್ದೆನಂತೆ.

ಗಣಿಯ ಸುರಂಗದ ಚಾವಣಿಗೆ ಮರದ ಆಸರೆ ನಿಲ್ಲಿಸುವುದು ಅವರ ಕೆಲಸವಾಗಿತ್ತು. ಮೊದಲು ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ ನೋಡಬೇಕು. "ಟಣ್ ಅಂದ್ರೆ ನಿಂತ್ಕೋ, ದೊಬ್ ಅಂದ್ರೆ ಓಡು. ಅಷ್ಟೇ ಪಾಪ ನಾನ್ ಓದಿದ ಓದು," ಎನ್ನುತ್ತಿದ್ದರು. ಲೆಕ್ಕ ತಮಿಳಿನಲ್ಲಿ, ಬೈಗುಳ ತೆಲುಗಿನಲ್ಲಿ, ನಮ್ಮ ಹತ್ತಿರ ಮಾತು ಕನ್ನಡದಲ್ಲಿ. ನಾನು ಅವರಿಗೆ ಪಾಪ, ಅಂದರೆ ಮಗು. ಬೇಸಿಗೆಯಲ್ಲೂ ಅದೇ ಖಾಕಿ ಕೋಟು.

ಕೆಲಸ ಬಿಟ್ಟ ಮೇಲೆ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಮಗಳ ಮನೆಯಲ್ಲಿದ್ದರು. ನಾವಿದ್ದ ಮನೆ, ಅದರ ಪಕ್ಕದ್ದು, ಎರಡೂ ಒಬ್ಬ ದೊರೆಸಾನಿಯವು. ಬಹಳ ವರ್ಷ ಗಣಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಕೆ. ರಿಟೈರ್ ಆಗಿ ಇಂಗ್ಲೆಂಡಿಗೆ ಅಕ್ಕನ ಬಳಿ ಹೊರಟಾಗ, ಹಿಂದೊಮ್ಮೆ ತಾನೇ ಆರೈಕೆ ಮಾಡಿದ್ದ ಈ ಮನುಷ್ಯನನ್ನು ಮನೆಗಳಿಗೆ ಏಜೆಂಟ್ ಮಾಡಿದಳು. ಓದಲು ಬಾರದವನನ್ನು ಹುಡುಕಿ ಹಿಡಿದಳಲ್ಲ ಎಂದು ಜನ ನಕ್ಕರಂತೆ. ಅವಳು ಹೋಗುವ ಮೊದಲು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಸೈನ್ ಹಾಕುವುದನ್ನು ಕಲಿಸಿದಳು. ಆ ಸೈನ್ ಹಾಕುವಾಗ ತಾತ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಳ್ಳುತ್ತಿದ್ದರು.

ಬಾಡಿಗೆ ವಸೂಲಿ ಏನೂ ಕಷ್ಟವಿರಲಿಲ್ಲ. ತಾಪತ್ರಯ ಇದ್ದದ್ದು ಟ್ಯಾಕ್ಸಿನಲ್ಲಿ. ದೊರೆಸಾನಿ ಪರದೇಶದಲ್ಲಿದ್ದುದರಿಂದ ಈ ಬಾಡಿಗೆಯ ಇನ್‌ಕಮ್ ಟ್ಯಾಕ್ಸನ್ನು ಅವಳ ಪರವಾಗಿ ಏಜೆಂಟೇ ಸೈನ್ ಹಾಕಿ ಕಟ್ಟಬೇಕು. ನನ್ನ ಅಪ್ಪ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಕ್ಲರ್ಕ್. ಫಾರಂ ತುಂಬಿಸಿಕೊಡುತ್ತಿದ್ದದ್ದು ಅವರೇ.

"ಆಯಮ್ಮ ಇಲ್ಲೇ ಇದ್ದಿದ್ದರೆ ಇಷ್ಟು ಸಣ್ಣ ಬಾಡಿಗೆಗೆ ಟ್ಯಾಕ್ಸೇ ಬರ್ತಿರಲಿಲ್ಲ," ಎಂದರು ಅಪ್ಪ ಮೊದಲನೆಯ ಸಲ. "ಹೊರದೇಶದಲ್ಲಿ ಇರೋದಕ್ಕೆ ಮೊದಲನೇ ರೂಪಾಯಿಯಿಂದಲೇ ಕಟ್ಟಬೇಕು."

"ದೂರ ಓಗೋರ್ಗೆ ಚಾರ್ಜು ಜಾಸ್ತಿ ತಾನೆ ಸಾರ್? ನಿಮ್ ರೈಲ್ನಾಗೂ ಅಂಗೇ ಅಲ್ವಾ?"

ಅಪ್ಪ ನಕ್ಕರು. "ಆದರೆ ಒಂದು ಕನ್ಸೆಷನ್ ಇದೆ ತಾತ. ರಿಪೇರಿ ಖರ್ಚು ಓನರ್‌ದೇ ಅಂತ ಬರೆದರೆ ಬಾಡಿಗೆಯಲ್ಲಿ ಆರರಲ್ಲೊಂದು ಪಾಲಿಗೆ ಟ್ಯಾಕ್ಸ್ ಇಲ್ಲ. ನಿಜವಾಗಿ ರಿಪೇರಿ ಮಾಡಲೇಬೇಕು ಅಂತೇನಿಲ್ಲ. ರಸೀದಿನೂ ಕೇಳಲ್ಲ."

"ಅವ್ರು ಕೇಳ್ದಿದ್ರೆ ಏನಾಯ್ತು? ರಿಪೇರಿ ಅಂತ ಏಳಿ ಸೈನ್ ಆಕೋನು ನಾನಲ್ವಾ?"

"ಲಾ ಹಾಗಿದೆ, ತಾತ."

"ಲಾ ಅಂಗಿರ್ಲಿ ಸಾರ್. ಗೋಡೆ ಇಂಗದೆಯಲ್ಲ."

ಅಪ್ಪ ಹೇಳಿದ್ದೇ ಸರಿ, ಕಾನೂನಿನಲ್ಲಿ ಇದ್ದದ್ದೂ ಅಷ್ಟೇ. ತಾತ ಒಪ್ಪಲಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಬಾಡಿಗೆಯ ಆರನೇ ಒಂದು ಪಾಲನ್ನು ಅಷ್ಟಕ್ಕಷ್ಟೂ ಆ ಎರಡು ಮನೆಗಳ ಮೇಲೆ ಖರ್ಚು ಮಾಡಿಸಿಯೇ ಬಿಡುತ್ತಿದ್ದರು. ನಮ್ಮ ಪಾತ್ರೆ ಪಗಡಗಳೆಲ್ಲ ಅಂಗಳಕ್ಕೆ ಬರುತ್ತಿದ್ದವು. ಅಮ್ಮನಿಗೆ ಸಾಕುಸಾಕಾಗುತ್ತಿತ್ತು.

"ಈ ಆರರಲ್ಲೊಂದನ್ನ ಕಂಡುಹಿಡಿದೋರ ಮನೆಗೆ ಹೋಗಿ ಸುಣ್ಣ ಬಳೀರಿ, ತಾತ!"

"ಓದಿ ಏಳಿದ್ದು ನಿಮ್ಮನೆಯೋರೇ ಅಲ್ವಾ ತಾಯಿ. ಅದಕ್ಕೇ ಇಲ್ಲಿಂದ್ಲೇ ಶುರು ಮಾಡಿವ್ನಿ."

ನಾನು ಕೆಜಿಎಫ್‌ನ ಕಾನ್ವೆಂಟಿಗೆ ರೈಲಿನಲ್ಲಿ ಹೋಗಿಬರುವ ಹುಡುಗಿ. ಸಿಸ್ಟರ್‌ಗಳ ಕೈಕೆಳಗೆ ಕಲಿತ ಹ್ಯಾಂಡ್‌ರೈಟಿಂಗ್ ಎಂದು ದೊರೆಸಾನಿಗೆ ಕಾಗದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಎದುರಿಗೇ ಕೂತಿದ್ದಾಳೆ ಎನ್ನುವ ಹಾಗೆ ತಾತ ನಿಂತುಕೊಂಡೇ ಹೇಳುತ್ತಿದ್ದರು. "ದುಂಡಗೆ ಬರಿ ಪಾಪ, ಆಯಮ್ಮ ಕನ್ನಡಕದೋಳು." ನಾನು ಅದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ, ಡಿಯರ್ ಮ್ಯಾಡಮ್ ಎಂದು ಶುರು ಮಾಡಿ, ಸೈನಿಗೆ ಜಾಗ ಬಿಟ್ಟು ಕೊಡುತ್ತಿದ್ದೆ.

ನಾನು ಸೀನಿಯರ್ ಕ್ಲಾಸಿನಲ್ಲಿದ್ದ ವರ್ಷ ಅವಳಿಂದ ಬೇರೆ ಥರದ ಕಾಗದ ಬಂತು. ಅಕ್ಕ ಹಾಸಿಗೆ ಹಿಡಿದಿದ್ದಾಳೆ. ಚಳಿ ತಡೆಯಲಾಗುತ್ತಿಲ್ಲ, ಕಲ್ಲಿದ್ದಲು ದುಬಾರಿ. ರಿಪೇರಿಗೆ ಖರ್ಚು ಮಾಡಲೇಬೇಕೆಂಬ ನಿಯಮವಿಲ್ಲವೆಂದು ಇಲ್ಲಿ ಯಾರೋ ತಿಳಿಸಿದರು. ಈ ವರ್ಷ ಆ ಪಾಲನ್ನೂ ನನಗೇ ಕಳಿಸು, ಪ್ಲೀಸ್.

"ಇನ್ನೊಂದ್ ಸಲಿ ಓದು," ಎಂದರು ತಾತ. ಓದಿದೆ. "ಮನೆ ಬೆಚ್ಚಗಿಡಕ್ಕೂ ದುಡ್ಡು ಕೊಡ್ಬೇಕಾ ಅಲ್ಲಿ?"

"ಹೌದು, ತಾತ."

"ಪೂರ್ತಿ ದುಡ್ಡು ಕಳ್ಸಿಬಿಡಾನ."

"ಹಾಗಾದರೆ ರಿಪೇರಿ?" ಎಂದರು ಅಪ್ಪ.

"ಅದೂ ಆಯ್ತದೆ ಬಿಡಿ ಸಾರ್."

ಮುಂದಿನ ವಾರ ಅವರು ಕರಣೆ ಹಿಡಿದು ಬಂದರು. ಮೇಸ್ತ್ರಿ ಇಲ್ಲ, ಆಳಿಲ್ಲ. ಹಿತ್ತಲಲ್ಲಿ ತಾವೇ ಸುಣ್ಣ ನೆನೆಹಾಕಿ, ತಾವೇ ಹಳೆಯ ಗಾರೆ ಕೆರೆಯತೊಡಗಿದರು. ಗಣಿಯ ಧೂಳು ಕುಡಿದ ಎದೆ ಅದು. ಒಂದು ಮೊಳ ಗೋಡೆ ಕೆರೆಯುವುದು, ಹೊರಗೆ ಬಂದು ನುಗ್ಗೆಮರ ಹಿಡಿದುಕೊಂಡು ಕೆಮ್ಮುವುದು. ಆ ಕೆಮ್ಮಿಗೆ ಪಕ್ಕದ ಮನೆಯ ಕೂಸು ಎದ್ದು ಅಳುತ್ತಿತ್ತು.

"ಬಿಡಿ ತಾತ, ಗೋಡೆ ಇನ್ನೊಂದು ವರ್ಷ ನಿಲ್ಲುತ್ತೆ," ಎಂದಳು ಅಮ್ಮ, ಬಿಸಿನೀರಿನ ಲೋಟ ಹಿಡಿದು.

"ಗೋಡೆ ನಿಲ್ತದೆ ತಾಯಿ. ನನ್ ಸೈನ್ ನಿಲ್ಲಲ್ಲ."

ಕೆಲಸ ಮುಗಿಯದೇ ಇರುವಾಗಲೇ ಕಾಗದ ಬರೆಸಿದರು. "ಬರಿ ಪಾಪ. ದುಡ್ಡು ಕಳ್ಸಿವ್ನಿ. ಟ್ಯಾಕ್ಸ್ ಕಟ್ಟಿವ್ನಿ. ರಿಪೇರಿ ನಡೀತಾ ಅದೆ. ನಾನು ಸುಕವಾಗಿವ್ನಿ." ಅಷ್ಟರಲ್ಲಿ ಕೆಮ್ಮು ಬಂದು ಹೊರಗೆ ಹೋದರು. ಅವರು ನುಗ್ಗೆಮರದ ಹತ್ತಿರ ಬಗ್ಗಿ ನಿಂತಿದ್ದು ಕಿಟಕಿಯಿಂದ ಕಾಣುತ್ತಿತ್ತು. ನಾನು ಕೆಳಗೆ, ಸೈನಿಗೆಂದು ಬಿಟ್ಟ ಜಾಗದಲ್ಲಿ, ನನ್ನದೇ ಎರಡು ಮಾತು ಸೇರಿಸಿದೆ, ಅವರಿಗೆ ಮೈ ಸರಿಯಿಲ್ಲವೆಂದು. ತಾತ ಒಳಗೆ ಬಂದರು, ಕೋಟಿನ ಗುಂಡಿ ಹಾಕಿಕೊಂಡರು, ಅದರ ಕೆಳಗೆ ನಿಧಾನವಾಗಿ ಸೈನ್ ಹಾಕಿದರು.

ಉತ್ತರ ಬೇಗನೆ ಬಂತು. ನಾನೇ ಓದಿ ಹೇಳಬೇಕಾಯಿತು. 'ನೀನು ಮೊದಲು ನನ್ನ ಪೇಷೆಂಟ್, ಏಜೆಂಟ್ ಆಮೇಲೆ. ಪೂರ್ತಿ ದುಡ್ಡೂ ಬಂತು, ರಿಪೇರಿಯೂ ನಡೆಯುತ್ತಿದೆ ಎಂದರೆ ಕರಣೆ ಹಿಡಿದವನು ನೀನೇ. ಆ ಎದೆ ಇಟ್ಟುಕೊಂಡು ಸುಣ್ಣ ಮುಟ್ಟಬೇಡ. ಇದು ನರ್ಸ್ ಮಾತು. ಮೇಸ್ತ್ರಿಯನ್ನು ಇಡು, ಆ ಪಾಲನ್ನು ಮುಂದಿನ ಬಾಡಿಗೆಯಲ್ಲಿ ಹಿಡಿದು ಅವನಿಗೇ ಕೊಡು. ನಮಗೆ ಕಂಬಳಿಗಳಿವೆ.'

ತಾತ ನನ್ನ ಕಡೆ ತಿರುಗಿದರು. "ಆಯಮ್ಮಂಗೆ ಯಾರ್ ಏಳಿದ್ದು?"

ನಾನು ಕಾಗದ ಮಡಿಚತೊಡಗಿದೆ.

"ನನ್ ಸೈನ್ ಮೇಲೆ ನಿನ್ ಮಾತ್ ಸೇರ್ಸಿದ್ಯಾ?" ಆ ದಿನ ಅವರು ತೆಲುಗಿನಲ್ಲಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ ಮೇಲೆ ಆಯಮ್ಮ ಚಳೀಲಿ ಕೂತ್ಕಂತಾಳೆ. ನಿನ್ನಿಂದ."

ಕಾಗದ ಬರೆಸಲು ಮತ್ತೆ ನನ್ನ ಹತ್ತಿರ ಬರಲಿಲ್ಲ. ಪೋಸ್ಟ್ ಆಫೀಸಿನ ಮುಂದೆ ಕೂರುವವನಿಗೆ ದುಡ್ಡು ಕೊಟ್ಟು ಬರೆಸಿದರು, ಆ ಕೈಬಿಗಿಯ ಮನುಷ್ಯ! ಮೇಸ್ತ್ರಿ ಬಂದು ಗಾರೆ ಮುಗಿಸಿದ. ತಿಂಗಳ ಭಾನುವಾರ ತಾತ ಬರುತ್ತಿದ್ದರು, ಅಪ್ಪನ ಕೈಯಿಂದ ಬಾಡಿಗೆ ತೆಗೆದುಕೊಂಡು ಹೋಗುತ್ತಿದ್ದರು. ಪಾಪ ಎಂದು ನನ್ನನ್ನು ಕೂಗುವುದು ನಿಂತುಹೋಯಿತು. ಎಲ್ಲೋ ಇಂಗ್ಲೆಂಡಿನಲ್ಲಿ ಇಬ್ಬರು ಮುದುಕಿಯರು ಕಂಬಳಿ ಹೊದ್ದು ಕೂತದ್ದು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಆದರೂ ಬರೆದದ್ದಕ್ಕೆ ಅಂದೂ ಪಶ್ಚಾತ್ತಾಪ ಪಡಲಿಲ್ಲ, ಇಂದೂ ಇಲ್ಲ.

ಟೀಚರ್ಸ್ ಟ್ರೈನಿಂಗಿಗೆ ನನಗೆ ಮದ್ರಾಸಿನಲ್ಲಿ ಸೀಟು ಸಿಕ್ಕಿತು. ನಾನು ಅಲ್ಲಿದ್ದ ಮೊದಲ ವರ್ಷವೇ ತಾತ ಹೋದರೆಂದು ಅಮ್ಮ ಕಾಗದ ಹಾಕಿದ್ದಳು. ಹಾಗಾಗಿ ಅವರನ್ನು ಕೊನೆಯದಾಗಿ ಕಂಡದ್ದು ಊರು ಬಿಡುವ ಹಿಂದಿನ ದಿನ, ರೈಲಿನಲ್ಲಿ. ಸಿಸ್ಟರ್‌ಗಳಿಗೆ ಗುಡ್‌ಬೈ ಹೇಳಿ ಮಾರಿಕುಪ್ಪಂನಿಂದ ಹೊರಡುವ ಗಾಡಿಯಲ್ಲಿ ವಾಪಸ್ ಬರುತ್ತಿದ್ದೆ. ಚಾಂಪಿಯನ್ ರೀಫ್ಸ್‌ನಲ್ಲಿ ತಾತ ಹತ್ತಿದರು. ಖಾಲಿ ಇದ್ದದ್ದು ನನ್ನ ಎದುರಿನ ಜಾಗ ಒಂದೇ. ಬಂಗಾರಪೇಟೆಯ ಖಜಾನೆಯಲ್ಲಿ ದೊರೆಸಾನಿಯ ಟ್ಯಾಕ್ಸ್ ಕಟ್ಟಲು ಹೊರಟಿದ್ದರು. ಕೋಟಿನ ಒಳಜೇಬನ್ನು ಆಗಾಗ ಮುಟ್ಟಿಕೊಳ್ಳುತ್ತಿದ್ದರು.

"ಮದ್ರಾಸ್ಗಂತೆ?"

"ಹೂಂ ತಾತ, ನಾಳೆ."

ಗಾಡಿ ಒಂದು ಸ್ಟೇಷನ್ ದಾಟಿತು. ಆಮೇಲೆ, "ಅವತ್ತು ಕೆಳಗಡೆ ಏನ್ ಬರ್ದಿದ್ದೆ? ಇಂಗ್ಲೀಸ್ನಾಗೇ ಏಳು."

ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿದೆ. "ಹೀ ಈಸ್ ನಾಟ್ ವೆಲ್, ಮ್ಯಾಡಮ್. ಹೀ ವಿಲ್ ನೆವರ್ ಟೆಲ್ ಯು."

"ಅಂದ್ರೆ?"

"ತಾತನಿಗೆ ಮೈ ಸರಿಯಿಲ್ಲ. ಅವರಾಗಿ ಯಾವತ್ತೂ ಹೇಳಲ್ಲ, ಅಂತ."

"ಅಷ್ಟೇನಾ?"

"ಅಷ್ಟೇ, ತಾತ."

"ಅಂಗಾದ್ರೆ ಸುಳ್ಳು ನಂದೇ," ಎಂದರು. "ಸುಕವಾಗಿವ್ನಿ ಅಂತ ಬರೆಸಿದ್ನಲ್ಲ. ನಿನ್ ಸಾಲಿನ ಕೆಳಗೆ ಸೈನ್ ಬಿದ್ದಿದ್ದೇ ಒಳ್ಳೇದಾಯ್ತು ಬಿಡು, ಪಾಪ."

ಬಂಗಾರಪೇಟೆ ಬಂತು. ಇಳಿಸಲು ಕೈ ಕೊಟ್ಟೆ, ಬೇಡವೆಂದರು. ಎಲ್ಲರೂ ಇಳಿಯುವವರೆಗೆ ಕಾದು, ಕಂಬಿ ಹಿಡಿದು ತಾವೇ ಇಳಿದರು. ಖಜಾನೆ ಮುಚ್ಚುವ ಹೊತ್ತಾಗುತ್ತಿತ್ತು. ಜನರ ನಡುವೆ ಆ ಖಾಕಿ ಕೋಟು ತನ್ನಿಂದಾದಷ್ಟು ಬೇಗ ಗೇಟಿನ ಕಡೆ ಹೋಯಿತು.